ಬೋರ್ಡಿನ ಕೆಳಗೊಂದು ನಿದ್ದೆ

ಪರಮಶೆಟ್ಟರ ಮದುವೆ ಛತ್ರದಲ್ಲಿ ಅವರ ಅಪ್ಪನ ಕಾಲದ ಮರದ ಕರೆಂಟು ಬೋರ್ಡು ಇತ್ತು. ಈಗಿನ ನಿಯಮದಂತೆ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಹೊಸ ಬೋರ್ಡು ಬೇಕು. ಶೆಟ್ಟರಿಗೆ ಅದು ಬೇಡ. ಎಲ್ಲ ಸುರಕ್ಷಿತ ಎಂಬ ಸರ್ಟಿಫಿಕೇಟು ಮಾತ್ರ ಬೇಕು.

"ರುಜು ಹಾಕು ನಾಗೋಜಿ. ಇಲ್ಲದಿದ್ದರೆ ಈ ಊರಲ್ಲಿ ನಿನಗೆ ಬಲ್ಬು ಹಾಕೋ ಕೆಲಸವೂ ಸಿಗಲ್ಲ."

ವೈರ್‌ಮನ್ ನಾಗೋಜಿ ಪೆನ್ನು ತೆಗೆದ. "ಹಾಕ್ತೀನಿ ಶೆಟ್ಟರೇ. ಇವತ್ತು ಊಟ ಮಾಡಿ ಈ ಬೋರ್ಡಿನ ಕೆಳಗೇ ಮಲಗಿ. ನೀವು ಗೊರಕೆ ಹೊಡೆದ ಕೂಡಲೇ ರುಜು."

ಶೆಟ್ಟರು ನಕ್ಕರು. ಉಂಡ ಮೇಲೆ ಕೂತಲ್ಲೇ ನಿದ್ದೆ ಹೋಗುವವರು ಅವರು. ಊಟ ಮುಗಿಸಿ ಅಲ್ಲೇ ಚಾಪೆ ಹಾಸಿಸಿದರು. ಮದುವೆಯ ದಿನದಂತೆ ನಾಗೋಜಿ ಎಲ್ಲ ದೀಪ, ಫ್ಯಾನು ಹಾಕಿದ. ತಣ್ಣನೆ ಗಾಳಿಯಲ್ಲಿ ಕಳೆದ ವಾರದ ಮದುವೆಯ ಮಲ್ಲಿಗೆ ವಾಸನೆ ತೇಲಿ ಬಂತು. ಶೆಟ್ಟರ ಒಂದು ಕಣ್ಣು ಮುಚ್ಚಿತು. ಇನ್ನೊಂದು ಬೋರ್ಡನ್ನೇ ನೋಡುತ್ತಿತ್ತು.

"ಇದೇನೋ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತೆ?"

"ಯಾವಾಗಲೂ ಅನ್ನುತ್ತೆ. ಮದುವೆ ದಿನ ಓಲಗದಲ್ಲಿ ಕೇಳಿಸಲ್ಲ, ಅಷ್ಟೆ."

"ಮದುವೆ ದಿನ ಇಲ್ಲಿ ಯಾರು ಮಲಗ್ತಾರೆ?"

"ಕೂಸುಗಳನ್ನ ಮಲಗಿಸ್ತಾರೆ. ಒಳ್ಳೆ ಗಾಳಿ ಬರೋ ಜಾಗ ನೋಡಿ."

ಶೆಟ್ಟರು ಎದ್ದು ಚಾಪೆ ಸುತ್ತಿಕೊಂಡರು. "ಹೊಸದನ್ನೇ ಹಾಕು."

ಹೊಸ ಬೋರ್ಡು ಗೋಡೆಗೇರಿದ ದಿನ ಶೆಟ್ಟರು ಅದೇ ಚಾಪೆ ತಂದು ಮಲಗಿದರು. ಸರ್ಟಿಫಿಕೇಟು ತೊಡೆಯ ಮೇಲಿಟ್ಟುಕೊಂಡು ನಾಗೋಜಿ ಪಕ್ಕದಲ್ಲಿ ಕಾದು ಕೂತ. ಮೂರನೇ ಗೊರಕೆಗೆ ರುಜು ಹಾಕಿದ.