ಬರಿದಾಗದ ಬೋಗುಣಿಕಟ್ಟೆ

ಎರೆಹೊಲಗಳ ನಡುವೆ ದಾರಿ ಮೂರಾಗಿ ಒಡೆದು, ಮೂರೂ ಒಂದೇ ತರ ಕಂಡಾಗ, ದಿನ್ನೆಯ ನೆತ್ತಿಯ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯನ್ನು ಕರಡಿಹಾಳಕ್ಕೆ ಯಾವುದು ಎಂದು ಕೇಳಿದೆ. ಭಾಷೆ ಬಾರದ ದೇಶಗಳಲ್ಲಿ ದಾರಿ ಹುಡುಕಿಕೊಂಡವಳು ನಾನು; ಸ್ವಂತ ತಂಗಿಯ ಊರಿಗೆ ಹೋಗುವಾಗ ಕಳೆದುಹೋಗಿದ್ದೆ. ಮುದುಕಿಯ ಹೆಸರು ಸಲೋಮವ್ವ, ಹತ್ತಿರದ ಚರ್ಚಿನ ಓಣಿಯವಳು. "ಬಿಸಲಾಗ ಬಂದೀರಿ, ಮೊದಲ ಹಣ್ಣ ತಿನ್ನರಿ" ಎಂದಳು. ಕಟ್ಟೆಯ ನಡುವೆ ಕಲ್ಲಿನಲ್ಲಿ ಕಡೆದ ದೊಡ್ಡ ಬೋಗುಣಿ. ಅದರಲ್ಲಿ ಪೇರಲ ಹಣ್ಣು, ಹಿಡಿ ಶೇಂಗಾ, ಬೆಲ್ಲದ ಚೂರು. ಎರಡು ಪೇರಲ ಮುಗಿಸಿ ಮತ್ತೆ ದಾರಿ ಕೇಳಿದರೆ, "ತಿಂದದ್ದು ಛಲೋ ಆತು. ಏನ ಇಟ್ಟು ಹೋಗ್ತೀರಿ?" ಎಂದಳು. ನಾನು ಪರ್ಸು ತೆಗೆದೆ. ರೊಕ್ಕ ಇಲ್ಲಿ ನಡೆಯುವುದಿಲ್ಲವೆಂದು ನಕ್ಕು, ನನ್ನನ್ನು ಕೂರಿಸಿ ಕಟ್ಟೆಯ ಕತೆ ಹೇಳಿದಳು.

ಹಿಂದೆ ಒಮ್ಮೆ ಈ ದಿನ್ನೆಯ ಆಚೆಗೆ ಮಿಶನ್ ಬಂಗಲೆ, ಈಚೆಗೆ ಗಾಣಿಗರ ಮನೆಗಳು ಇದ್ದವು ಎನ್ನುತ್ತಾರೆ. ಬಂಗಲೆಗೆ ಜರ್ಮನ್ ದೇಶದಿಂದ ಓಟಿಲಿಯ ಎಂಬ ಮಿಶನರಿ ಬಂದಳು. ಊರ ಬಾಯಲ್ಲಿ ಓತಮ್ಮನಾದಳು. ಬೆಳಿಗ್ಗೆ ಹುಡುಗಿಯರಿಗೆ ಓದು, ಹೊಲಿಗೆ. ಸಂಜೆ ಹಿತ್ತಲಲ್ಲಿ ಗಜ್ಜರಿ ಬೆಳೆಯುವುದು. ನಡುವೆ ಸಿಕ್ಕವರಿಗೆ ಯೇಸುವಿನ ಮಾತು. ಬಂದ ವರ್ಷವೇ ಅವಳು ಜ್ವರ ಬಂದು ಮಲಗಿದಳು. ಗಾಣಿಗರ ನೀಲಗಂಗವ್ವ ಹಿತ್ತಾಳೆಯ ಬೋಗುಣಿ ತುಂಬ ಜೋಳದ ಅಂಬಲಿ ಕಳಿಸಿದಳು. ಅದನ್ನು ಕುಡಿದೇ ಎದ್ದು ಕೂತ ಓತಮ್ಮ ಅಚ್ಚುಕಟ್ಟಿನ ಹೆಂಗಸು. ಬೋಗುಣಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮುಖ ಕಾಣುವಂತೆ ಬೆಳಗಿ, ಅಡುಗೆಯವಳ ಕೈಲಿ ಹಿಂದಕ್ಕೆ ಕಳಿಸಿದಳು. ಒಳಗೆ ಏನೂ ಇಡಲಿಲ್ಲ. ನೆರೆಮನೆಯ ಪಾತ್ರೆ ಬರಿದಾಗಿ ಮರಳುವುದು ಸಂಬಂಧ ಹರಿದಾಗ ಮಾತ್ರ ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಓತಮ್ಮನಿಗೆ ಅವಳ ದೇಶದಲ್ಲಿ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ನೀಲಗಂಗವ್ವ ಹೊಳೆಯುವ ಬೋಗುಣಿ ನೋಡಿ, "ಇಷ್ಟ್ ತಿಕ್ಕಿ ತಿಕ್ಕಿ ನನ್ನ ಋಣ ತೊಳಕೊಂಡ್ಲೇನು?" ಎಂದು ಬಾಗಿಲು ಹಾಕಿಕೊಂಡಳಂತೆ.

ಅಡುಗೆಯವಳು ಬಂದು ವಿಷಯ ಬಿಡಿಸಿ ಹೇಳಿದಾಗ ಓತಮ್ಮ ಟೋಪಿಯನ್ನೂ ಮರೆತು, ಮಡಿಲ ತುಂಬ ಗಜ್ಜರಿ ಕಿತ್ತುಕೊಂಡು ದಿನ್ನೆ ಏರಿದಳು. ಗಾಣಿಗರ ಮನೆಯೊಳಗೆ ಅವಳು ಕಾಲಿಡುವಂತಿರಲಿಲ್ಲ, ಬಂಗಲೆಯಲ್ಲಿ ಬೇಯಿಸಿದ್ದನ್ನು ನೀಲಗಂಗವ್ವ ಮುಟ್ಟುವಂತಿರಲಿಲ್ಲ. ಹಸಿ ಗಜ್ಜರಿಗೆ ಮಾತ್ರ ಮತವಿರಲಿಲ್ಲ. ಅಡುಗೆಯವಳು ಹೋಗಿ ಕರೆದ ಮೇಲೆ ನೀಲಗಂಗವ್ವ ಬೋಗುಣಿ ಹಿಡಿದು ಬಂದಳು; ದಿನ್ನೆಯ ನೆತ್ತಿಯಲ್ಲಿ, ಇದೇ ಬೇವಿನ ಕೆಳಗೆ, ಅದು ಗಜ್ಜರಿಯಿಂದ ತುಂಬಿತು. ತುಂಬಿ ಬಂದದ್ದನ್ನು ನೀಲಗಂಗವ್ವ ಬರಿದು ಮಾಡಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಗುರೆಳ್ಳು ಚಟ್ನಿ ತುಂಬಿ ಮರಳಿಸಿದಳು. ಹೀಗೆ ವರ್ಷಗಟ್ಟಲೆ ಬೋಗುಣಿ ಹೋಯಿತು, ಬಂತು. ಒಬ್ಬಳು ಕ್ರಿಸ್ತನ ವಿಷಯ ಹೇಳಿದರೆ ಇನ್ನೊಬ್ಬಳು ಸೊಸೆಯ ವಿಷಯ ಹೇಳುತ್ತಿದ್ದಳು. ಯಾರೂ ಯಾರ ದಾರಿಗೂ ಬರಲಿಲ್ಲ. ಗೆಳತಿಯರಾದರು ಅಷ್ಟೇ. ಓತಮ್ಮ ಕಲಿತ ಅಪ್ಪಟ ಬೈಗುಳಗಳೆಲ್ಲ ಈ ಕಟ್ಟೆಯ ಮೇಲೆಯೇ ಕಲಿತದ್ದು ಎನ್ನುತ್ತಾರೆ.

ಆಮೇಲೆ ಯುರೋಪಿನಲ್ಲಿ ಯುದ್ಧ ಹತ್ತಿತು. ಜರ್ಮನ್ನರು ದೇಶ ಬಿಡಬೇಕೆಂಬ ಹುಕುಂ ಬಂದ ದಿನ ಬೋಗುಣಿ ಓತಮ್ಮನ ಮನೆಯಲ್ಲಿತ್ತು. ಖಾಲಿ ಕೊಟ್ಟರೆ ಜಗಳ, ತುಂಬಿ ಕೊಟ್ಟರೆ ತೀರಿಸಲಾಗದ ಸಾಲವನ್ನು ಗೆಳತಿಯ ತಲೆಗೆ ಕಟ್ಟಿದಂತೆ, ಒಯ್ದರೆ ಕಳವು. ಮಿಶನ್ನಿನ ಪಾಠಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಗಾಡಿ ಹೊರಡುವ ಹೊತ್ತಿಗೆ ಅವಳು ತೋಟದ ಬೀಜಗಳನ್ನೆಲ್ಲ ಬೋಗುಣಿಗೆ ಸುರಿದು ಕಟ್ಟೆಯ ಮೇಲಿಟ್ಟು ಕೂತಳು. ನೀಲಗಂಗವ್ವ ಬಂದವಳು ಅದನ್ನು ಮುಟ್ಟಲಿಲ್ಲ.

"ನಾ ಒಯ್ದ್ರ ತುಂಬಿ ಯಾರಿಗೆ ಕೊಡ್ಲಿ?" ಎಂದಳು. "ಇಲ್ಲೇ ಇರಲಿ. ಹೋಗೋರು ತಗೀತಾರ, ಬರೋರು ಇಡ್ತಾರ."

"ನಾನು ಬರುವ ತನಕ?"

"ನೀ ಬರೂತನಕ ಖಾಲಿ ಆಗಂಗಿಲ್ಲ, ಹುಚ್ಚಿ."

ಓತಮ್ಮ ಮರಳಿ ಬಂದಳೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಿತ್ತಾಳೆಯ ಬೋಗುಣಿಯನ್ನಂತೂ ಯಾರೋ ಹಣ್ಣಿನ ಸಮೇತ ಹೊತ್ತೊಯ್ದರು. ನೀಲಗಂಗವ್ವ ಶಾಪ ಹಾಕಲಿಲ್ಲ; ಕಲ್ಲುಕುಟಿಗನನ್ನು ಕರೆಸಿ, ಯಾರೂ ಎತ್ತಲಾಗದ ಹಾಗೆ ಬಂಡೆಯಲ್ಲೇ ಇದನ್ನು ಕಡೆಸಿದಳು. ಬಂಗಲೆಯಿದ್ದಲ್ಲಿ ಈಗ ಪಾಯದ ಕಲ್ಲುಗಳಷ್ಟೇ ಇವೆ, ಗಾಣ ನಿಂತು ಬಹಳ ಕಾಲವಾಯಿತು. ಬೋಗುಣಿ ಇದೆ. ಲಾರಿಯವರು ಬಾಳೆಹಣ್ಣು ಇಡುತ್ತಾರೆ, ತವರಿನಿಂದ ಮರಳುವ ಹೆಣ್ಣುಮಕ್ಕಳು ಬುತ್ತಿಯಲ್ಲಿ ಉಳಿದ ಉಂಡೆ ಇಡುತ್ತಾರೆ. ಅಂಚು ಕೈಗಳಿಂದ ಸವೆದು ನುಣುಪಾಗಿದೆ.

ನನ್ನ ಚೀಲದಲ್ಲಿ ತಂಗಿಗೆಂದು ಕಾಶ್ಮೀರದಿಂದ ತಂದ ಅಕ್ರೋಟುಗಳಿದ್ದವು. ಅವಳ ಬೈಗುಳ ನನಗೆ ಹೊಸದಲ್ಲ. ಬೊಗಸೆ ತುಂಬ ತೆಗೆದು ಬೋಗುಣಿಗೆ ಹಾಕಿದೆ. ಸಲೋಮವ್ವ ಒಂದನ್ನು ಕಲ್ಲಿಗೆ ಕುಟ್ಟಿ ಒಡೆದು, ತಿಂದು, ತಲೆಯಾಡಿಸಿದಳು. ಆಮೇಲೆ ಎದ್ದು ನಿಂತು ಎಡಗಡೆಯ ದಾರಿ ತೋರಿಸಿದಳು.