ನಹೂಮನ ಮನಿ

ಕುಂದರ್ರಿ ಎಲ್ಲಾರೂ. ಏ ಸಾಲೋಮಿ, ಶೇಂಗಾದ ಸಿಪ್ಪಿ ಕೆಳಗ ಚೆಲ್ಲಬ್ಯಾಡ, ಕಸಾ ಹೊಡಿಯಾಕಿ ನಾನ.

ಭಾಳ ಹಿಂದ, ನನ್ನ ಅಜ್ಜಿಯ ಅಜ್ಜಿ ಲಂಗಾ ತೊಟ್ಟು ಓಡಾಡೂ ಕಾಲಕ್ಕ, ನಮ್ಮೂರಾಗ ಇದ ನೇಕಾರ ಓಣಿ ಇತ್ತಂತ. ಯಾವ ವರ್ಷ ಅಂತ ಕೇಳಬ್ಯಾಡ್ರಿ, ಬರದಿಟ್ಟವ್ರು ಯಾರೂ ಇಲ್ಲ. ಆ ಓಣ್ಯಾಗ ಕ್ರೈಸ್ತರಿದ್ರು, ದೇವಾಂಗದವರಿದ್ರು, ಹತ್ತಿ ಹಿಂಜೂ ಪಿಂಜಾರರಿದ್ರು. ಬೆಳಗಾತಂದ್ರ ಓಣಿ ತುಂಬ ಲಾಳಿ ಸಪ್ಪಳ. ಓಣಿಯ ಈ ತುದಿಗೆ ಬಾವಿ, ಆ ತುದಿಗೆ ಸಣ್ಣ ಚರ್ಚು, ಚರ್ಚಿನ್ಯಾಗ ಒಂದ ಬೈಬಲ್ಲು. ಓಣಿಗೆಲ್ಲಾ ಅದೊಂದ.

ಆ ಚರ್ಚಿನ ಕಸಾ ಹೊಡಿಯಾಕಿ ತಬಿತವ್ವ ಅಂತ. ಲಾಳಿಗೆ ನೂಲಿನ ಕಂಡಿಕಿ ಸುತ್ತಿ, ಮಗ್ಗಕ್ಕ ಉದ್ದೆಳಿ ಹಾಸು ಹೂಡಿ ಹೊಟ್ಟಿ ಹೊರಕೊಂತಿದ್ಲು. ಅಕಿಗೆ ಓದು ಬರಹ ಒಂದೂ ಬರ್ತಿರಲಿಲ್ಲ. ಆದ್ರ ಬೈಬಲ್ಲಿನ ಮ್ಯಾಲಿನ ಧೂಳಾ ಮಾತ್ರ ತನ್ನ ಸೆರಗಲೇನ ಒರಸ್ತಿದ್ಲಂತ.

ಅಕಿ ಎದಿಯೊಳಗ ಒಂದ ಸಂಕಟಿತ್ತು. ಗಂಡ ಸಿಲ್ವಾನಪ್ಪ ಹಾಸಿಗಿ ಹಿಡದು ಮಲಗಿದ್ದ. ಕಡೀ ದಿನ ಒಂದ ಮಾತು ಕೇಳ್ದ. ನಹೂಮನ ಪುಸ್ತಕದಾಗ ಒಂದನೇ ಅಧ್ಯಾಯ, ಏಳನೇ ವಚನ ಓದಸು ಅಂದ. ಚರ್ಚಿನ್ಯಾಗ ಓದಿ ಹೇಳೂ ಉಪದೇಶಿ ಪ್ರಭುದಾಸಪ್ಪ ಊರಾಗಿರಲಿಲ್ಲ. ಅಕ್ಷರ ಬರೂ ನಾಕು ಮಂದಿ ಕುಂತು ಹಾಳಿ ತಿರುವಿದ್ರು. ಮುಂದಿಂದ ಹಿಂದಕ, ಹಿಂದಿಂದ ಮುಂದಕ. ನಹೂಮನ ಪುಸ್ತಕ ಅಂದ್ರ ಎರಡ ಮೂರು ಹಾಳಿ, ಬೆರಳಿಗೆ ಅಂಟಿ ದಾಟಿ ಹೋಗಿಬಿಡ್ತದ. ಅವ್ರು ತಿರುವಕೋಂತನ ಇದ್ರು, ಸಿಲ್ವಾನಪ್ಪನ ಉಸರು ನಿಂತು ಹೋತು.

ಅಕಿ ಅಳಲಿಲ್ಲಂತ. "ಅದು ಅಲ್ಲೇ ಇತ್ತು, ಯಾರಿಗೂ ಸಿಗಲಿಲ್ಲ," ಇಷ್ಟ ಅಂದ್ಲಂತ. ಆವತ್ತಿನಿಂದ ಅಕಿಗೆ ಒಂದ ಅಂಜಿಕಿ: ನನ್ನ ಹೊತ್ತು ಬಂದಾಗೂ ಹಿಂಗ ಆದ್ರ?

ಆ ಸೀಮಿಗೆಲ್ಲಾ ಒಬ್ರ ಪಾದ್ರಿ ಅಯ್ಯನವರು. ವರ್ಷಕ್ಕ ನಾಕ ಸಲ ಚಕ್ಕಡ್ಯಾಗ ಬರ್ತಿದ್ರು. ಒಂದ ಸಲ ಬಂದವ್ರು ಸಂಡೇ ಸ್ಕೂಲಿನ ಹುಡುಗ್ರಿಗೆ ಹಗ್ಗಾಯನ ಪುಸ್ತಕ ತಗೀರಿ ಅಂದ್ರು. ಒಬ್ಬಾಕಿ ಮುಂದಿನ ಹಾಳಿ ತಗದ್ಲು, ಒಬ್ಬಾಂವ ಕಡೀ ಹಾಳಿ ತಗದ. ಒಬ್ಬ ಮಹರಾಯ ಪುಸ್ತಕಾನ ತಲಿಕೆಳಗ ಹಿಡಿದಿದ್ನಂತ! ಅಯ್ಯನವರಿಗೆ ಸಿಟ್ಟು ನೆತ್ತಿಗೇರ್ತು. ಮುಂದಿನ ಸಲ ಬಂದಾಗ ಹುಡುಕಿ ತೋರಸ್ದಿದ್ರ ಈ ಬೈಬಲ್ಲು ಬ್ಯಾರೆ ಊರಿಗೆ ಕೊಡ್ತೀನಿ, ಅಲ್ಲೆ ಓದವ್ರದಾರ ಅಂದ್ರು. ಬಾಗಲಾ ಹಿಂದ ನಿಂತ ತಬಿತವ್ವ ಇದನ್ನ ಕೇಳಿಸ್ಕೊಂಡ್ಲು. ಪುಸ್ತಕಾನ ಹೋದ್ರ ಅಕಿ ವಚನ ಎಲ್ಲಿಂದ ಸಿಗಬೇಕು?

ಮರುದಿನ ಹಾಸು ಹೂಡೂ ಮುಂದ ಉಪದೇಶಿನ್ನ ಕರದು ಎದುರಿಗೆ ಕುಂದರಿಸಿದ್ಲು. ಪುಸ್ತಕದ ಮುಂದಿನ ಹೆಸರಿನ ಪಟ್ಟಿ ಓದ್ರಿ ಅಂದ್ಲು. ಅವ್ರು ಆದಿಕಾಂಡ ಅಂದ್ರ ಇಕಿ ಒಂದ ಎಳಿ ಮುಟ್ಟಾಕಿ, ವಿಮೋಚನಕಾಂಡ ಅಂದ್ರ ಇನ್ನೊಂದ ಎಳಿ. ಮೂರ ದಿನದಾಗ ಅರವತ್ತಾರೂ ಹೆಸರು ಅಕಿ ಬಾಯಾಗ ಬಂದ್ವಂತ. ಒಂದ ದಿನದಾಗ ಅಂತ ಹೇಳವ್ರೂ ಅದಾರ, ಹೇಳ್ಲಿ ಬಿಡ್ರಿ. ಗಂಡ ಕೇಳಿದ ವಚನಾನೂ ಓದ್ಲೇನು ಅಂತ ಉಪದೇಶಿ ಕೇಳಿದ್ರ, ಬ್ಯಾಡ್ರಿ, ಹುಡುಗ್ರ ಹುಡುಕಿ ಓದ್ಲಿ ಅಂದ್ಲಂತ.

ಹಾಸಿನ್ಯಾಗ ಒಂದ ಎಳಿ ಕಡೀತಂದ್ರ ನೇಕಾರ ಏನ ಮಾಡ್ತಾನ? ಮೊದಲಿಂದ ಎಣಿಸ್ತಾನೇನು? ಆ ಕಡಿ ಎಳಿ ಯಾವ್ದು, ಈ ಕಡಿ ಎಳಿ ಯಾವ್ದು ನೋಡಿ ನಡುವ ಕೈ ಹಾಕ್ತಾನ. ತಬಿತವ್ವ ಇದನ್ನ ಹಿಡಿದ್ಲು. ಹುಡುಗ್ರನ್ನ ಕರಕೊಂಡು ಓಣ್ಯಾಗ ಹೊಂಟ್ಲು. ಎಲ್ಲಾರೂ ಚರ್ಚಿನಿಂದ ಸುರು ಮಾಡ್ತಾಳ ಅಂದ್ಕೊಂಡ್ರು. ಅಕಿ ಈ ತುದಿಯ ಬಾವಿ ಕಡಿಯಿಂದ ಸುರು ಮಾಡಿದ್ಲು. ಯಾಕಬೇ ಅಂದ್ರ ಮೊದಲನೇ ಬಾಗಲಾ ತೋರಿಸಿದ್ಲು. ಬಾವಿ ಬಾಜೂಕಿನ ಮನಿ ಆದಿಕಾಂಡ, ಅದರ ಮುಂದಿಂದು ವಿಮೋಚನಕಾಂಡ, ಹಿಂಗ ಮನಿಗೊಂದ ಪುಸ್ತಕದ ಹೆಸರಿಟ್ಟಳಂತ.

"ಪುಸ್ತಕ ಅಂದ್ರ ಮನಿ, ಅಧ್ಯಾಯ ಅಂದ್ರ ಒಳಗಿನ ಖೋಲಿ, ವಚನ ಅಂದ್ರ ಖೋಲ್ಯಾಗ ಕುಂತ ಮನಶಾ. ಮನೀನ ಗೊತ್ತಿಲ್ದ ಮನಶಾನ್ನ ಎಲ್ಲಿ ಹುಡುಕ್ತೀರಲೇ?" ಅಂತಿದ್ಲಂತ.

ಜಗಳಾ ಆಗಲಿಲ್ಲಂತೀರೇನು? ಆತು! ಮರಿಯವ್ವನ ಮನಿಗೆ ಪ್ರಲಾಪಗಳು ಬಂತು. ಮೊನ್ನೆ ಸೊಸಿ ಬಂದ ಮನಿಗೆ ಅಳೂ ಹೆಸರಿಡ್ತೀಯೇನ ಅಂತ ಅಕಿ ಸೆರಗು ಕಟಗೊಂಡು ಬಂದ್ಲು. ನೀ ಅತ್ರ ಸಮಾಧಾನ ಮಾಡಾಕ ಆ ಕಡಿ ಯೆರೆಮೀಯ ಅದಾನ, ಈ ಕಡಿ ಯೆಹೆಜ್ಕೇಲ ಅದಾನ, ಹೋಗ ಅಂದ್ಲಂತ ತಬಿತವ್ವ. ಪಿಂಜಾರ ಮೌಲಾಸಾಬರ ಮನಿ ಹೋಶೇಯ ಆತು. ಹೋಶೇಯ ಯಾರಂತ ಅವ್ರು ಕೇಳಿದ್ರು. ಬಿಟ್ಟು ಹೋದ ಹೆಂಡ್ತಿನ್ನ ಮರಳಿ ಮನಿಗೆ ಕರಕೊಂಡ ಬಂದಾಂವ ಅಂದ್ಲು ತಬಿತವ್ವ. ಮೆಲ್ಲಕ ಹೇಳ್ರಿ, ನಮ್ಮಾಕಿ ಕೇಳಿಸ್ಕೊಂಡಾಳು ಅಂತ ಸಾಬರು ನಕ್ಕರಂತ. ಓಣಿ ನಡುವಿನ ಬೇವಿನ ಗಿಡಕ್ಕ ಓಬದ್ಯ ಅಂತ ಹೆಸರಿಟ್ಟಳು. ಅವಂದು ಒಂದ ಅಧ್ಯಾಯ, ಅವಗ್ಯಾಕ ಮನಿ, ನೆರಳ ಸಾಕು ಅಂದ್ಲಂತ. ಎಣಿಸಕೋಂತ ಎಣಿಸಕೋಂತ ಹೋದ್ರ ತಬಿತವ್ವನ ಮನಿಗೆ ನಹೂಮ ಬಂತು.

ಅಯ್ಯನವರು ಬಂದ್ರು. ಬೈಬಲ್ಲು ಕಟಗೊಂಡು ಹೋಗಾಕ ಅರಿವೀನೂ ತಂದಿದ್ರಂತ. ಹುಡುಗ್ರಾಗ ಎಲ್ಲಾರಕಿಂತ ಸಣ್ಣಾಕಿ ಮಾರ್ಥಿ. ಅಕಿನ್ನ ಎಬ್ಬಿಸಿ, "ನಹೂಮನ ಪುಸ್ತಕ, ಒಂದನೇ ಅಧ್ಯಾಯ, ಏಳನೇ ವಚನ," ಅಂದ್ರು.

ತಬಿತವ್ವನ ಕೈಯಾನ ಕಸಬರಗಿ ಬಿತ್ತು. ಅಯ್ಯನವರಿಗೆ ಗೊತ್ತಿತ್ತೇನು, ಇಲ್ಲ. ಅವ್ರು ಸುಮ್ಮನ ಕಠಿಣದ್ದೊಂದು ಆರಿಸಿದ್ರಂತ. ಮಾರ್ಥಿ ಏನ ಮಾಡಬೇಕು? ಬೈಬಲ್ಲಿನ ಕಡಿ ಹೊಳ್ಳಿ ಸೈತ ನೋಡಲಿಲ್ಲ, ಹೊರಗ ಓಡಿಬಿಟ್ಲು!

ಓಣಿ ಮಂದಿ ಬಾಯಿ ಮ್ಯಾಲ ಕೈ ಇಟಗೊಂಡ್ರು. ಉಪದೇಶಿ ಬೆವರು ಒರಸ್ಕೊಂಡ್ರು. ಅಯ್ಯನವರು ಅರಿವಿ ಹಾಸಿ, ಬೈಬಲ್ಲು ಅದರ ಮ್ಯಾಲಿಟ್ಟು, ಗಂಟು ಹಾಕಿದ್ರು. ಗಂಟಿನ ಎರಡನೇ ಸುತ್ತು ಬೀಳೂದ್ರಾಗ ಹುಡುಗಿ ತೇಕಿಕೋಂತ ಒಳಗ ಬಂದ್ಲು. ಮೀಕನ ಬಾಗಲಾ ಮುಟ್ಟಿ, ನಹೂಮನ ಬಾಗಲಾ ಮುಟ್ಟಿ, ಹಬಕ್ಕೂಕನ ಬಾಗಲಾ ಮುಟ್ಟಿ ಬಂದಿದ್ಲು.

"ಗಂಟ ಬಿಚ್ಚರೀ ಅಯ್ಯನವರ. ಮೀಕನ ಮನಿ ದಾಟಿ, ಹಬಕ್ಕೂಕನ ಮನಿಕಿಂತ ಮೊದ್ಲ ಐತಿ," ಅಂದ್ಲು.

ಬಿಚ್ಚಿದ್ರು. ಮಾರ್ಥಿ ಮೀಕನ್ನ ಹುಡುಕಿ, ನಾಕ ಹಾಳಿ ಮೆಲ್ಲಕ ಬಿಡಿಸಿದ್ಲು. ಸಿಕ್ತು! ಒಂದೊಂದ ಅಕ್ಷರ ಕೂಡಿಸಿ ಓದಿದ್ಲು. ದೇವರು ಒಳ್ಳೇವ, ಇಕ್ಕಟ್ಟಿನ ದಿನ ಆಸರ ಕೊಡ್ತಾನ, ತನ್ನ ನಂಬಿದವ್ರನ್ನ ಮರಿಯಾಂವಲ್ಲ, ಇಷ್ಟ ಅದರ ತಾತ್ಪರ್ಯ. ಸಿಲ್ವಾನಪ್ಪ ಕೇಳಿದ್ದ ಮಾತನ್ನ ಅವನ ಹೆಂಡ್ತಿ ಅವತ್ತ ಮೊದಲನೇ ಸಲ ಕೇಳಿದ್ಲು. ಬಾಗಲಾ ಹಿಂದ ಕುಂತು ಬಿಕ್ಕಿ ಬಿಕ್ಕಿ ಅತ್ಲಂತ. ಸುಖದ ಅಳು ಅದು.

ಅಯ್ಯನವರು ಕೆರವು ಕೈಯಾಗ ಹಿಡಕೊಂಡು ಬಾವಿಯಿಂದ ಚರ್ಚಿನ ತನಕ ಅರವತ್ತಾರೂ ದಾಟಿ ಬಂದ್ರಂತ. ಹೋಶೇಯನ ಮನ್ಯಾಗ ಚಾ ಕುಡಿದ್ರಂತ. ಬೈಬಲ್ಲು ಇಲ್ಲೇ ಉಳೀತು. ತಬಿತವ್ವ ಕಣ್ಣಲೇ ನೋಡಿದ್ರ ಹಾಳಿ ತಾವ ತಿರುಗ್ತಿದ್ವು ಅಂತ ಈಗಿನವ್ರು ಹೇಳ್ತಾರ. ನಾ ನಂಬೂದಿಲ್ಲ. ತಿರುವಿದ್ದು ಹುಡುಗ್ರ ಬೆರಳು.

ಭಾಳ ವರ್ಷಾದ ಮ್ಯಾಲ, ಒಂದ ಮಧ್ಯಾಹ್ನ, ತಬಿತವ್ವನ ಹೊತ್ತು ಬಂತು. ಮಾತು ನಿಂತಿತ್ತು. ಬಾಗಲದ ಕಡಿ ಕೈ ಎತ್ತಿ ತೋರಿಸಿದ್ಲು. ಹುಡುಗ್ರು ಬೈಬಲ್ಲು ಹೊತಗೊಂಡು ಬಂದ್ರು. ಒಬ್ಬಾಕಿ ರೂಢಿಯಂಗ ಹೊರಗ ಓಡಾಕ ಹೊಂಟ್ಲು. ಮಾರ್ಥಿ, ಅಷ್ಟೊತ್ತಿಗೆ ಅಕಿಗೂ ಮಕ್ಕಳಾಗಿದ್ವು, ಆ ಹುಡುಗಿ ರಟ್ಟಿ ಹಿಡಿದ್ಲು.

"ಎಲ್ಲಿಗೆ ಓಡ್ತಿ? ನಾವು ಅದ ಮನ್ಯಾಗ ಅದೀವಿ," ಅಂದ್ಲು.

ಅವಾಗ ತಿಳೀತು ಎಲ್ಲಾರಿಗೂ, ಎಣಿಕಿ ಬಾವಿಯಿಂದ ಯಾಕ ಸುರುವಾಗಿತ್ತು ಅಂತ. ನಹೂಮ ತನ್ನ ಮನಿಗೇ ಬರ್ಲಿ ಅಂತ ತಬಿತವ್ವ ಮೊದ್ಲ ತನ್ನ ಬಾಗಲದಿಂದ ಹಿಂದಕ್ಕ ಎಣಿಸಿಕೊಂಡು ಹೋಗಿ, ಅಲ್ಲಿಂದ ಸುರು ಮಾಡಿದ್ಲು. ತೆರದ ಕೂಡ್ಲೆ ಸಿಕ್ತು. ಮೂರ ಸಲ ಓದಿದ್ರು. ಮೂರೂ ಸಲ ಕೇಳಿಸ್ಕೊಂಡು, ಕಣ್ಣು ಮುಚ್ಚಿದ್ಲಂತ.

ಆ ಮನಿ ಬಿದ್ದು ಎಷ್ಟೋ ಕಾಲ ಆತು. ಗ್ವಾಡಿ ಇಲ್ಲ, ಮಾಳಗಿ ಇಲ್ಲ, ಬಾಗಲಾ ಒಂದ ನಿಂತೈತಿ. ಅದನ್ನ ತಗದ್ರ ಹುಡುಗ್ರು ಮೀಕನಿಂದ ನೇರ ಹಬಕ್ಕೂಕಗ ಹೋಗಿಬಿಡ್ತಾವ ಅಂತ ಓಣಿ ಮಂದಿ ತಗಿಯಾಕ ಬಿಡೂದಿಲ್ಲ. ಚೌಕಟ್ಟಿಗೆ ಹುಳಾ ಹತ್ತಿದ್ರ ಹೊಸಾದು ಹಾಕ್ತಾರ. ವರ್ಷಕ್ಕೊಮ್ಮೆ ಅದಕ್ಕ ಬಣ್ಣಾ ಹಚ್ಚವ್ರು ಮೌಲಾಸಾಬರ ಮನ್ಯಾವ್ರು. ಟಪಾಲಿನಾಂವ ಸೈತ ಪ್ರಲಾಪದ ಮನಿ, ರೂತಳ ಮನಿ ಅಂತ ಕೂಗ್ತಾನ. ಮತ್ತ ಈ ಓಣ್ಯಾಗ ವಯಸ್ಸಾದವ್ರೆಲ್ಲಾ ತಮಗ ಬೇಕಾದ ವಚನ ಯಾವ ಮನ್ಯಾಗೈತಿ ಅಂತ ಒಂದ ಕೂಸಿಗೆ ಮೊದಲ ಹೇಳಿಟ್ಟಿರ್ತಾರ.

ಏ ಸಾಲೋಮಿ, ಸಿಪ್ಪಿ ಆರಿಸಿದ್ಯೇನು? ಏಳು, ಬಾವಿ ಕಡಿಯಿಂದ ಒಂದ ಸಲ ಓಡಿ ಬಾ ನೋಡೂಣು. ನನ್ನ ವಚನದ ಮನಿ ಯಾವ್ದಂತ ನಿನಗ ಗೊತ್ತೈತಲ್ಲಾ.