ಸಾವಿಗೆ ಹೇಳಿದ ಸುಳ್ಳು

"ಅಜ್ಜಾರ, ಹಾಲು ಕುಡಿಯೂ ವಯಸ್ಸಿನ್ಯಾಗ ಆದದ್ದು ಯಾವುದೂ ಮನುಷ್ಯಾಗ ನೆನಪಿರೂದಿಲ್ಲ. ಹಂಗಿದ್ದಮ್ಯಾಲ ಕೂಸಿಗೆ ಹಾಲು, ನೀರು, ಬಟ್ಟಿ ಕೊಟ್ಟರ ಸಾಲದೇನ್ರಿ? ಎತ್ತಿ ಆಡಸೂದು ಯಾಕ ಬೇಕು?"

ಗುರುಗಳನ್ನು ಹೀಗೆ ಕೇಳಿದವನು ಅಡಿವೆಯ್ಯ, ಮಠದ ಶಿಷ್ಯ. ಆ ಮಠದಲ್ಲಿ ದಿಕ್ಕಿಲ್ಲದ ಕೂಸುಗಳನ್ನು ಸಾಕುವ ರೂಢಿಯಿತ್ತು. ಸಂನ್ಯಾಸ ಬೇಡಿ ಬಂದವನು ಮೊದಲು ಒಂದು ವರ್ಷ ತೊಟ್ಟಿಲ ಮನೆಯಲ್ಲಿ ದುಡಿಯಬೇಕು, ಗ್ರಂಥಗಳು ಆಮೇಲೆ. ಅದು ಗುರುಗಳ ಕಟ್ಟಳೆ. ಅಡಿವೆಯ್ಯ ಮನಸ್ಸಿಟ್ಟು ಕಲಿತಿದ್ದ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದ. ಒಳಲೆಯಲ್ಲಿ ಹಾಲು ಹಾಕಿ, ಬೆನ್ನು ತಟ್ಟಿ ತೇಗು ಬರಿಸುತ್ತಿದ್ದ. ಆದರೆ ಅಳುವ ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಎತ್ತಿದರೆ ಕೂಸಿಗೆ ಚಟ, ತನಗೆ ಮೋಹ ಎಂದು ಅವನ ಲೆಕ್ಕ. ಲೋಕ ಬಿಟ್ಟು ಬಂದವನಿಗೆ ಮೋಹ ಕೂಡದಲ್ಲ! ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ ಎನ್ನುತ್ತಿದ್ದ. ಹಾಗೇ ಆಗುತ್ತಲೂ ಇತ್ತು.

ಆ ಹೊತ್ತಿಗೂ ಒಳಗೆ ಒಂದು ಕೂಸು ಅಳುತ್ತಿತ್ತು. ಹೊಸದಾಗಿ ಬಂದದ್ದು. ಹಾಲು ಕುಡಿಸಿ, ಬಟ್ಟೆ ಬದಲಿಸಿ, ತೊಟ್ಟಿಲಿಗೆ ಹಾಕಿಯೇ ಅಡಿವೆಯ್ಯ ಹೊರಗೆ ಬಂದಿದ್ದ. ಗುರುಗಳಿಗೆ ವಯಸ್ಸಾಗಿತ್ತು. ಯಾರಾದರೂ ಕೈ ಹಿಡಿಯದೆ ಏಳುವಂತಿರಲಿಲ್ಲ. ಅವರು ಒಳಗಿನ ದನಿಗೆ ಕಿವಿಗೊಟ್ಟರು.

"ಕೂಸು ಅಳತೈತಿ," ಎಂದರು.

"ತಾನ ಸುಮ್ಮನಾಗತೈತ್ರಿ."

"ಹಂಗಾರ ಕೂತ್ಕೋ. ಅದು ಸುಮ್ಮನಾಗೂತನಕ ಒಂದು ಕತಿ ಹೇಳತೀನಿ."

ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಅವನ ಹೆಂಡತಿಗೆ ಎರಡು ಕೂಸು ಹುಟ್ಟಿ ಎರಡೂ ಹೋಗಿದ್ದವು. ಎರಡೂ ಚೆಂದದ ಕೂಸುಗಳು. ಕಂಡವರೆಲ್ಲ ಎತ್ತಿ ಮುದ್ದಾಡಿದ್ದರು. ಆ ಚೆಂದ ಕಂಡೇ ಸಾವು ಬಂತು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಎದೆಯಲ್ಲಿ ಹಾಲಿದ್ದು ಕುಡಿಯುವ ಬಾಯಿ ಇಲ್ಲದ ಸಂಕಟ ಹೆತ್ತವಳಿಗೇ ಗೊತ್ತು. ಅವಳನ್ನು ನಾವು ನೀವು ಜರೆಯುವುದು ಬೇಡ.

ಮೂರನೆಯದು ಗಂಡು. ಹುಟ್ಟಿದ ಕೂಡಲೆ ಅತ್ತೆ ಅದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟಳು. ನೆರೆಮನೆಯವಳು ಬಂದು, ಯಾರೋ ಕಸ ಚೆಲ್ಲಿದ್ದಾರೆ ಎಂದು ಎತ್ತಿಕೊಂಡು, ಹಿಡಿ ತೌಡಿಗೆ ತಾಯಿಗೇ ಮಾರಿದಳು. ತಿಪ್ಪಣ್ಣ ಎಂದು ಹೆಸರಿಟ್ಟರು. ಕೂಸು ಉಳಿಯದ ಮನೆಗಳಲ್ಲಿ ಹೀಗೆ ಮಾಡುವುದುಂಟು. ಇದು ಯಾರಿಗೂ ಬೇಡದ್ದು, ತೌಡಿಗೆ ಬಂದದ್ದು ಎಂದು ಸಾವನ್ನು ನಂಬಿಸುವುದು. ಪಾಪ, ಹೆತ್ತವರು ಮತ್ತೇನು ಮಾಡಿಯಾರು? ಸಾವಿನ ಮುಂದೆ ಅವರ ಕೈಯಲ್ಲಿರುವುದು ಅದೊಂದು ಸುಳ್ಳು.

ಅತ್ತೆ ಈ ಆಟ ಬಲ್ಲವಳು. ತನ್ನ ಮಗನನ್ನೂ ಹೀಗೆಯೇ ಉಳಿಸಿಕೊಂಡಿದ್ದಳು. ಅಂಗಳದಲ್ಲಿ ಮೊಮ್ಮಗನಿಗೆ 'ಥೂ, ಮಂಗ್ಯಾನ ಮಾರಿ' ಎನ್ನುವಳು. ಹೊಸಿಲು ದಾಟಿ ಒಳಗೆ ಬಂದದ್ದೇ ಅದರ ಕೆನ್ನೆಗೆ ಕೆನ್ನೆ ಹಚ್ಚಿ ನಗುವಳು. ಸೊಸೆ ಮಾತ್ರ ಒಳಗೂ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಮುದುಕಿ ತಡೆಯಲಾರದೆ ಹೇಳಿದಳು:

"ಹೊರಗ ಕಸ ಅನ್ನವಾ, ಒಳಗ ಬಂಗಾರ ಅನ್ನು. ಸುಳ್ಳು ಹೇಳೂದು ಸಾವಿಗೆ, ಕೂಸಿಗಲ್ಲ."

"ಗ್ವಾಡಿಗೂ ಕಿವಿ ಇರತಾವ್ರಿ ಅತ್ತಿ," ಎಂದಳು ಸೊಸೆ.

ಕೂಸಿಗೆ ಮೂರು ತಿಂಗಳಾಗುವಾಗ ಅತ್ತೆ ತೀರಿಕೊಂಡಳು. ವಯಸ್ಸಾಗಿತ್ತು, ಹೋದಳು. ಸೊಸೆ ಹಾಗೆ ತಿಳಿಯಲಿಲ್ಲ. ಸಾವು ಕೂಸನ್ನು ಹುಡುಕಿಕೊಂಡು ಮನೆಯೊಳಕ್ಕೇ ಬಂದಿತ್ತು, ಗುರುತು ಸಿಗದೆ ಮುದುಕಿಯನ್ನು ಒಯ್ದಿತು ಎಂದುಕೊಂಡಳು. ಹಾಲಿನಿಂದ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅಂದಿನಿಂದ ಅವಳು ಇನ್ನೂ ಬಿಗಿಯಾದಳು.

ಕೂಸಿಗೆ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಹೊತ್ತಿಗೆ ಹಾಲು, ಎಣ್ಣೆ, ಬಿಸಿನೀರು, ಲೋಬಾನದ ಹೊಗೆ, ಮೆತ್ತನೆಯ ಕುಂಚಿಗೆ. ಆದರೆ ಅತ್ತರೆ ಹೋಗುತ್ತಿರಲಿಲ್ಲ. ಅಳು ಕೇಳಿ ತಾಯಿ ಓಡಿ ಬಂದರೆ, ಇದು ಬೇಕಾದ ಕೂಸು ಎಂದು ಸಾವಿಗೆ ಗೊತ್ತಾಗುವುದಿಲ್ಲವೆ? ಸೆರಗನ್ನು ಬಾಯಿಗೆ ತುರುಕಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಎದೆ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಅಳು ನಿಂತ ಮೇಲೆ ಎದ್ದು ಹೋಗಿ, ಮುಖ ನೋಡದೆ ಹಾಲೂಡುತ್ತಿದ್ದಳು.

ಕೂಸು ನಗಲು ಕಲಿಯಿತು. ಅವಳನ್ನು ನೋಡಿ ನಕ್ಕಿತು. ಅವಳು ಮುಖ ತಿರುಗಿಸಿದಳು. ಮತ್ತೆ ನಕ್ಕಿತು. ಮತ್ತೆ ತಿರುಗಿಸಿದಳು. ಕೆಲವು ದಿನ ಅದು ಮಾಡಿನ ತೊಲೆಯನ್ನು ನೋಡಿ ನಗುತ್ತಿತ್ತು. ಆಮೇಲೆ ಅದೂ ಇಲ್ಲ. ಅಳುವುದೂ ಕಡಿಮೆಯಾಗುತ್ತ ಬಂದು ನಿಂತೇಹೋಯಿತು.

ಊರವರು ಹೊಗಳಿದ್ದೇ ಹೊಗಳಿದ್ದು. ಹಟವಿಲ್ಲ, ರಂಪವಿಲ್ಲ, ಇಂಥ ಕೂಸನ್ನು ಕಂಡೇ ಇಲ್ಲ ಎಂದರು. ತಮ್ಮ ಮಕ್ಕಳನ್ನು ಕಂಕುಳಲ್ಲಿ ಹೊತ್ತು ನಡು ಮುರಿದುಕೊಂಡ ಹೆಂಗಸರಿಗೆ ಹೊಟ್ಟೆಕಿಚ್ಚು. ಗಂಡನೂ ಮಗ್ಗದ ಗುಂಡಿಯಲ್ಲಿ ಕೂತು, ನಮ್ಮ ತಿಪ್ಪ ಬಲು ಶಾಣ್ಯಾ ಎನ್ನುತ್ತಿದ್ದ. ಕಷ್ಟ ಕೊಡದ ಕೂಸನ್ನು ಎಲ್ಲರೂ ಶಾಣ್ಯಾ ಎನ್ನುತ್ತಾರೆ. ಅದು ದೊಡ್ಡವರ ಸೋಮಾರಿತನ, ಬೇರೇನಲ್ಲ.

ತಿಪ್ಪ ನಡೆಯತೊಡಗಿದ. ಬಿದ್ದರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ, ತಾನೇ ಏಳುತ್ತಿದ್ದ. ನೆರೆಮನೆಯ ಹುಡುಗ ಮುಳ್ಳು ಚುಚ್ಚಿದರೆ ಊರು ಒಂದು ಮಾಡುತ್ತ ತಾಯಿಯ ಬಳಿ ಓಡುತ್ತಿದ್ದ. ತಿಪ್ಪನಿಗೆ ಒಮ್ಮೆ ರೊಟ್ಟಿಯ ಹಂಚು ತಗುಲಿ ಕೈತುಂಬ ಗುಳ್ಳೆ ಎದ್ದವು. ಸದ್ದಿಲ್ಲದೆ ಮೂಲೆಯಲ್ಲಿ ಕೂತಿದ್ದ. ಉಣ್ಣುವಾಗ ಎಡಗೈಯಿಂದ ರೊಟ್ಟಿ ಮುರಿದಾಗಲೇ ತಾಯಿಗೆ ಅದು ತಿಳಿಯಿತು.

ಅಂದು ಎತ್ತಿಕೊಳ್ಳಲು ಮುಂದೆ ಬಂದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು. ಐದು ವರ್ಷ ತುಂಬಿದರೆ ಇಂಥ ಕೂಸಿನ ಗಂಡಾಂತರ ಕಳೆಯಿತೆಂದು ಅಲ್ಲಿಯ ನಂಬಿಕೆ. ಐದು ತುಂಬಲಿ, ಆಮೇಲೆ ನನ್ನ ತಿಪ್ಪನನ್ನು ನೆಲಕ್ಕೇ ಇಳಿಸುವುದಿಲ್ಲ ಎಂದುಕೊಂಡಳು. ನೆಲದೊಳಗೆ ಹಗೇವು ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿಡುತ್ತಾರಲ್ಲ, ಹಾಗೆ ಪ್ರೀತಿಯನ್ನು ಕೂಡಿಟ್ಟಿದ್ದಳು. ಜೋಳವೇನೋ ಕಾಯುತ್ತದೆ. ಕೂಸು ಕಾಯುತ್ತದೆಯೆ?

ಐದು ತುಂಬುವ ದಿನ ಹತ್ತಿರ ಬಂತು. ತಾಯಿ ಹೊಸ ಅಂಗಿ ಹೊಲಿಸಿಟ್ಟಳು. ಆಗ ತಿಪ್ಪ ಕಾಣೆಯಾದ. ಮಧ್ಯಾಹ್ನ ಹಿತ್ತಲಲ್ಲಿ ಆಡುತ್ತಿದ್ದವನು ಸಂಜೆಗೆ ಇಲ್ಲ.

ತಾಯಿ ಕರೆದಳು, ತಂದೆ ಕರೆದ, ಊರೇ ಕರೆಯಿತು. ಬಾವಿಗೆ ಪಾತಾಳಗರಡಿ ಬಿಟ್ಟು ಜಾಲಾಡಿಸಿದರು. ಹಳ್ಳದ ದಂಡೆಗುಂಟ ಹೋಗಿ ಬಂದರು. ಹಿತ್ತಲಿನ ಹಗೇವು ಬರಿದಾಗಿತ್ತು. ಒಳಗೆ ಗಾಳಿಯಾಡಲೆಂದು ಅದರ ಬಾಯಿ ತೆರೆದಿಟ್ಟಿದ್ದರು. ಅದರೊಳಕ್ಕೂ ಬಗ್ಗಿ ಕರೆದರು. ಬರೀ ಕತ್ತಲೆ, ಉತ್ತರವಿಲ್ಲ. ಇಲ್ಲಿದ್ದಿದ್ದರೆ 'ಓ' ಅನ್ನುತ್ತಿದ್ದ ಎಂದು ಮುಂದೆ ಹೋದರು. ಅವರದೇನು ತಪ್ಪು? ಬೇರೆ ಯಾವ ಕೂಸಾದರೂ ಅನ್ನುತ್ತಿತ್ತು.

ತಾಯಿ ಆ ಹಗೇವಿನ ಪಕ್ಕದಲ್ಲೇ ಕುಸಿದು ಕೂತಳು. ಮಗ ಹುಟ್ಟಿದಾಗಿನಿಂದ ಒಮ್ಮೆಯೂ ಆಡದ ಮಾತು ಅವಳ ಬಾಯಿಗೆ ಆಗ ಬಂತು. ನನ್ನ ಬಂಗಾರ, ನನ್ನಪ್ಪ, ಎಲ್ಲಿದ್ದೀಯೋ ಎಂದು ಊರಿಗೆ ಕೇಳುವಂತೆ ಕೂಗಿದಳು. ಸಾವಿಗೆ ಕೇಳಿಸಿದರೂ ಕೇಳಿಸಲಿ ಎಂದು ಕೂಗಿದಳು.

ಮರುದಿನ ಹೊತ್ತೇರಿ, ಬಿಸಿಲು ಹಗೇವಿನೊಳಗೆ ಬಿದ್ದಾಗ ತಂದೆ ಕಂಡ. ತಳದಲ್ಲಿ ಹಾಸಿದ್ದ ಹುಲ್ಲಿನಿಂದ ಜೀವ ಉಳಿದಿತ್ತು. ಒಂದು ಕಾಲು ಮುರಿದಿತ್ತು. ತಿಪ್ಪ ಗೋಡೆಗೆ ಒರಗಿ, ಕಣ್ಣು ಬಿಟ್ಟುಕೊಂಡು ಕೂತಿದ್ದ.

ಮೇಲೆ ತಂದ ಕೂಡಲೆ ತಾಯಿ ಅವನನ್ನು ಎದೆಗೆ ಅವಚಿಕೊಂಡಳು. ಐದು ತುಂಬಲು ಕಾಯಲಿಲ್ಲ. ಹುಡುಗನ ಕೈಗಳು ಅವಳ ಕೊರಳಿಗೆ ಬರಲಿಲ್ಲ. ಎರಡೂ ಇಳಿಬಿದ್ದೇ ಇದ್ದವು.

"ನಾ ಕರದದ್ದು ಕೇಳಲಿಲ್ಲೇನೋ ನನ್ನಪ್ಪಾ?"

"ಕೇಳಿತು."

"ಮತ್ತ ಯಾಕ ಓ ಅನ್ನಲಿಲ್ಲ?"

ತಿಪ್ಪ ಅವಳ ಮುಖ ನೋಡಿದ. ಆ ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ.

ಮುರಿದ ಕಾಲು ಕೂಡಿತು. ತಿಪ್ಪಣ್ಣ ಬೆಳೆದು ತಂದೆಯ ಮಗ್ಗಕ್ಕೆ ಕೂತ. ತಾಯಿ ಆಮೇಲೆ ಎಷ್ಟು ವರ್ಷ ತುತ್ತು ಕಲಸಿ ಬಾಯಿಗಿಟ್ಟಳೋ, ಎಷ್ಟು ಸಲ ತಲೆ ಸವರಿದಳೋ! ಅವನು ಬೇಡ ಎನ್ನಲಿಲ್ಲ. ಬೇಕು ಎಂದೂ ಎನ್ನಲಿಲ್ಲ. ಜ್ವರ ಬಂದರೆ ಯಾರಿಗೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವಳು ಹಾಸಿಗೆ ಹಿಡಿದಾಗ ಮಗನ ಸೇವೆಯಲ್ಲಿ ಕೊರತೆಯಿರಲಿಲ್ಲ. ಹೊತ್ತಿಗೆ ಗಂಜಿ, ಹೊತ್ತಿಗೆ ಬಿಸಿನೀರು. ಪಕ್ಕದಲ್ಲಿ ಕೂಡು ಎಂದು ಅವಳು ಕರೆದರೆ ಬಂದು ಕೂರುತ್ತಿದ್ದ. ಕಣ್ಣು ಮುಚ್ಚುವ ಮುಂಚೆ ಅವಳು ಅವನ ಕೈ ಹಿಡಿದು ಹೇಳಿದಳು:

"ಸಾವಿಗೆ ಸಿಗಬಾರದಂತ ಮುಚ್ಚಿಟ್ಟೆ ನಿನ್ನ. ನನಗೂ ಸಿಗದ ಹೋದಿ."

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಅಡಿವೆಯ್ಯ ತನ್ನ ಪ್ರಶ್ನೆಗೇ ಮರಳಿದ.

"ಆ ತಿಪ್ಪಣ್ಣಗ ಕೂಸಿದ್ದಾಗಿಂದು ಏನರೆ ನೆನಪಿತ್ತೇನ್ರಿ ಅಜ್ಜಾರ?"

"ಒಂದೂ ಇರಲಿಲ್ಲ. ನೆನಪಿದ್ದರ ಮುಂದ ಒಂದಿನ ಮರೀತಿದ್ದ. ನೆನಪ ಇಲ್ಲದ್ದನ್ನ ಹೆಂಗ ಮರತಾನು?"

ಗುರುಗಳು ಮತ್ತೆ ಒಳಗಿನ ಕಡೆ ಕಿವಿಗೊಟ್ಟರು. ಯಾವ ಸದ್ದೂ ಇರಲಿಲ್ಲ.

"ನೀ ಕತಿಗೆ ಕೂತಾಗ ಕೂಸು ಅಳತಿತ್ತು. ಈಗ ಅದಕ್ಕ ನಿದ್ದಿ ಹತ್ತೈತೋ, ಯಾರೂ ಬರೂದಿಲ್ಲಂತ ಗೊತ್ತಾಗೈತೋ, ಹೋಗಿ ನೋಡಿ ಬಾ."

ಅಡಿವೆಯ್ಯ ಎದ್ದು ತೊಟ್ಟಿಲ ಮನೆಯ ಕಡೆ ನಡೆದ.